ಕಾಡಿನ ಲೆಕ್ಕದಲ್ಲಿ ನೀರೆಲ್ಲಿ?

ಬೇಸಿಗೇಲಿ ಮಳವಳ್ಳಿ ಕಡೆಯಿಂದ ಮುತ್ತತ್ತಿಗೆ ಹೋಗಿದ್ದೀರಾ? ಕಾಡು ಎಲೆ ಉದುರಿಸಿಕೊಂಡು ನಿಂತಿರುತ್ತೆ. ಮಣ್ಣಲ್ಲಿ ತೇವ ಇಲ್ಲ ಅಂದ್ರೆ ಮರ ಇಂಗಾಲ ಹೀರೋದೂ ಕಮ್ಮಿ. ನಮ್ಮ ಬಿಕಾಂ ಭಾಷೇಲಿ ಹೇಳೋದಾದ್ರೆ, ನೀರು ಖರ್ಚಾದ್ರೇನೇ ಇಂಗಾಲ ಜಮೆ. ಹಾಗಿರುವಾಗ ಬರೀ ಮರ ಎಣಿಸಿ ಕಾರ್ಬನ್ ಕ್ರೆಡಿಟ್ ಬರೆಯೋದು ಅರ್ಧ ಲೆಕ್ಕ ಅಲ್ವಾ?

ನಾಸಾದ ಸ್ಮ್ಯಾಪ್ ಉಪಗ್ರಹ 2015ರಿಂದ ಮಣ್ಣಿನ ತೇವ ಅಳೀತಿದೆ. ಆ ಅಂಕಿಗಳನ್ನ ಕಾಡಿನ ಇಂಗಾಲದ ಮಾಡೆಲ್‌ಗೆ ಸೇರಿಸಲೇಬೇಕು ಅಂತೀನಿ ನಾನು. ಆದ್ರೆ ಅದು ನೋಡೋದು ಮೇಲಿನ 5 ಸೆಂಟಿಮೀಟರ್ ಮಣ್ಣು ಮಾತ್ರ. ಮರದ ಬೇರು ಇನ್ನೂ ಆಳ. ಗುಂಡ್ಲುಪೇಟೆ ಹತ್ರದ ಬೇರಂಬಾಡಿಯಲ್ಲಿ ಐಐಎಸ್‌ಸಿಯವರು ನೆಲದಲ್ಲೇ ತೇವ ಅಳೆದು ಉಪಗ್ರಹದ ಅಂಕಿ ಜೊತೆ ತಾಳೆ ನೋಡಿದ್ದಾರೆ. ಮುತ್ತತ್ತಿ ಕಾಡಲ್ಲೂ ಅದೇ ಕೆಲಸ ಆಗ್ಲಿ.

ತಾಳೆ ಆಗದ ಲೆಕ್ಕಕ್ಕೆ ಸಹಿ ಹಾಕಬಾರದು. ನೀವೇನಂತೀರಾ?

#ಮಂಡ್ಯ #ಮಳವಳ್ಳಿ #ಮುತ್ತತ್ತಿ