ಕೆಚ್ಚಲಿಗೆ ಹಚ್ಚಿದ ಅರಿಷಿಣ

ಝಳಕಿ, ಇಂಡಿ ಕಡೆಯ ಮನೆಗಳಲ್ಲಿ ಲೋಳಸರ ಬಾಗಿಲ ಮೇಲೇ ತೂಗುತ್ತಿರುತ್ತದೆ. ಅರಿಷಿಣ ಅಡುಗೆಮನೆಯಲ್ಲಿದೆ, ಸುಣ್ಣ ಎಲೆಅಡಿಕೆಯ ಚಂಚಿಯಲ್ಲಿದೆ, ಲಿಂಬೆಗಂತೂ ಇಂಡಿಯೇ ಹೆಸರುವಾಸಿ. ಆಕಳ ಕೆಚ್ಚಲು ಬಾತಾಗ ಹಚ್ಚಲು ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ತಜ್ಞರು ಹೇಳುವ, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಊರೂರಿಗೆ ತಲುಪಿಸುತ್ತಿರುವ ಲೇಪಕ್ಕೆ ಬೇಕಾದದ್ದೂ ಇಷ್ಟೇ: 250 ಗ್ರಾಂ ಲೋಳಸರ, 50 ಗ್ರಾಂ ಅರಿಷಿಣ, 15 ಗ್ರಾಂ ಸುಣ್ಣ. ಲಿಂಬೆಹಣ್ಣನ್ನು ಹೆಚ್ಚಿ ತಿನ್ನಿಸಬೇಕು.

ಇದನ್ನು ಹಿರಿಯರು ಹೇಳಿದ್ದೆಂದು ನಂಬುವವರಿದ್ದಾರೆ, ಹಿರಿಯರು ಹೇಳಿದ್ದೆಂದೇ ತಳ್ಳಿಹಾಕುವವರೂ ಇದ್ದಾರೆ. ಮದ್ದಿನ ವಯಸ್ಸು ಅದರ ಗುಣಕ್ಕೆ ಸಾಕ್ಷಿಯಾಗುವುದಿಲ್ಲ ಎಂಬುದು ನನ್ನ ವಾದ. ಸಣ್ಣ ಬಾವು ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ಇಳಿದದ್ದು ನೆನಪಿನಲ್ಲಿ ಉಳಿಯುತ್ತದೆ, ಬತ್ತಿಹೋದ ಮೊಲೆಯನ್ನು ಹಣೆಬರಹವೆಂದು ಮರೆಯುತ್ತೇವೆ.

ಹಾಗಾದರೆ ಲೇಪದೊಳಗೆ ಆಗುವುದೇನು? ಅರಿಷಿಣದ ಕರ್ಕ್ಯುಮಿನ್ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಕೆಡಿಸುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಕಂಡಿದೆ. ಆದರೆ ಅದು ನೀರಿನಲ್ಲಿ ಕರಗುವುದು ತೀರ ಕಡಿಮೆ. ಸುಣ್ಣ ಬೆರೆತರೆ ಹೆಚ್ಚು ಕರಗಿ ಕೆಂಪಾಗುತ್ತದೆ. ಓಕುಳಿ ಆಗುವುದೂ ಹೀಗೆಯೇ. ಸುಣ್ಣದಲ್ಲಿ ಅದು ಬೇಗ ಒಡೆದೂ ಹೋಗುವುದರಿಂದ ಅಂದಂದೇ ಅರೆದುಕೊಳ್ಳಬೇಕೆನ್ನುವ ಮಾತಿಗೆ ಅರ್ಥವಿದೆ. ಪ್ರಯೋಗಾಲಯದಲ್ಲಿ ಅನೇಕ ಸಲ ಆಲ್ಕೋಹಾಲಿನಲ್ಲಿ ಇಳಿಸಿದ ಸಾರವನ್ನು ಗಾಜಿನ ತಟ್ಟೆಯ ಸೂಕ್ಷ್ಮಾಣುಗಳ ಮೇಲೆ ಹಾಕಿ ನೋಡುತ್ತಾರೆ. ಕೊಟ್ಟಿಗೆಯಲ್ಲಿ ಹಚ್ಚುವುದು ಕಲ್ಲಿನಲ್ಲಿ ಅರೆದದ್ದನ್ನು, ಅದೂ ಚರ್ಮದ ಹೊರಗೆ. ರೋಗ ಇರುವುದು ಕೆಚ್ಚಲ ಒಳಗೆ. ಈ ಅಂತರವನ್ನು ಅಳೆಯದೆ ತಟ್ಟೆಯ ಫಲವನ್ನು ಆಕಳಿಗೆ ಅನ್ವಯಿಸಲಾಗದು.

ಅಳೆಯುವ ಶ್ರಮ ಯಾಕೆಂದರೆ, ಆ್ಯಂಟಿಬಯಾಟಿಕ್‌ನ ಬೆಲೆ ಬಾಟಲಿಯ ಮೇಲಿರುವಷ್ಟೇ ಅಲ್ಲ. ಸೂಜಿ ಚುಚ್ಚಿಸಿದ ಮೇಲೆ ಗೊತ್ತುಮಾಡಿದಷ್ಟು ದಿನ ಹಾಲು ಮಾರಬಾರದು; ಎರಡು ಆಕಳು ಕಟ್ಟಿದವನಿಗೆ ಅದು ವಾರದ ಸಂತೆಯ ದುಡ್ಡು. ಅರೆಬರೆ ಡೋಸಿನಿಂದ ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳಿಗೆ ದಾರಿಯಾಗುತ್ತದೆ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ನಿಷೇಧಿಸಿದ್ದು ಇದೇ ಭಯಕ್ಕೆ. ಸಣ್ಣ ಬಾವು ಲೇಪದಿಂದಲೇ ಇಳಿಯುತ್ತದೆಂದು ಖಚಿತವಾದರೆ ಅಷ್ಟು ಸೂಜಿಗಳು ಉಳಿಯುತ್ತವೆ. ಅದಕ್ಕೆ ಲೇಪ ಹಚ್ಚಿದ ಮತ್ತು ಹಚ್ಚದ ಆಕಳುಗಳ ಹಾಲನ್ನು ನಮ್ಮ ತಾಲೂಕಿನಲ್ಲೇ ಪರೀಕ್ಷಿಸಿ ಬರೆದಿಡಬೇಕು. ಸೋತ ಲೆಕ್ಕವನ್ನೂ ಬಿಡಬಾರದು.

ಗಳಲೆ ಮತ್ತು ಚಪ್ಪೆ ರೋಗಗಳ ಮಾತು ಬೇರೆ. ಇವೂ ಬ್ಯಾಕ್ಟೀರಿಯಾದಿಂದಲೇ ಬರುತ್ತವೆ, ಆದರೆ ಒಂದೆರಡು ದಿನದಲ್ಲೇ ಜಾನುವಾರನ್ನು ಕೆಡವುತ್ತವೆ. ಸಾವಿರಾರು ರೂಪಾಯಿಯ ಖಿಲಾರಿ ಎತ್ತನ್ನು ಕಟ್ಟಿಹಾಕಿಕೊಂಡು ಸೊಪ್ಪು ಅರೆಯುತ್ತ ಕೂರುವ ಹೊತ್ತಲ್ಲ ಅದು. ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸಿದರೆ ಅಂಥ ಹೊತ್ತು ಬರುವ ಸಂಭವವೇ ಕಡಿಮೆ. ಚರ್ಮಗಂಟು ರೋಗವಾದರೋ ವೈರಾಣುವಿನದು; ಅಲ್ಲಿ ಆ್ಯಂಟಿಬಯಾಟಿಕ್ ಕೂಡ ಮೂಲರೋಗವನ್ನು ಮುಟ್ಟದು, ಹುಣ್ಣಿಗೆ ಸೇರುವ ಸೋಂಕನ್ನಷ್ಟೇ ತಡೆಯುತ್ತದೆ. ಹುಣ್ಣನ್ನು ಬೇವಿನೆಲೆ ಕುದಿಸಿದ ನೀರಿನಿಂದ ತೊಳೆಯುವ ನಮ್ಮ ರೂಢಿ ಅಂಥಲ್ಲಿ ಉಪಯೋಗಕ್ಕೆ ಬಂದೀತು.

ಕೆಚ್ಚಲು ಬಾವಿಗೂ ಒಂದು ಗಡಿಯಿದೆ. ಆಕಳು ಮೇವು ಬಿಟ್ಟಿತೋ, ಮೈ ಸುಡತೊಡಗಿತೋ, ಹಾಲಿನಲ್ಲಿ ರಕ್ತ ಕಂಡಿತೋ, ಅರೆಯುವ ಕಲ್ಲನ್ನು ಬದಿಗಿಟ್ಟು ಡಾಕ್ಟರಿಗೆ ಫೋನ್ ಹಚ್ಚಬೇಕು. ಅವರು ಬರುವ ತನಕ ಕೆಟ್ಟ ಹಾಲನ್ನು ಮೆಲ್ಲಗೆ ಹಿಂಡಿ ತೆಗೆಯುತ್ತಿರಬೇಕು.