ತಿಮ್ಮಿಯ ಕಾಲಿನ ಮುಳ್ಳು

ನಾಟಕ ಮುಗಿದು ಗಂಟೆಯಾದರೂ ಜಗಳ ಮುಗಿದಿರಲಿಲ್ಲ. ಹುಣಸೂರು ರಸ್ತೆಯ ಟೀ ಗಾಡಿಯ ಮುಂದೆ ನಾವು ಹತ್ತು ಹನ್ನೆರಡು ಜನ ನಿಂತಿದ್ದೆವು. ಪಕ್ಕದಲ್ಲೇ ಸ್ಕೂಟರಿಗೆ ಒರಗಿಕೊಂಡು ಮೈಸೂರಿನ ರಸಿಕರು ನಿಂತಿದ್ದರು. ಇಬ್ಬರ ಬಾಯಲ್ಲೂ ಒಂದೇ ಹೆಸರು: ತಿಮ್ಮಿ. ತಿಮ್ಮಿಯ ಪಾತ್ರ ಮಾಡಿದ ಹುಡುಗಿ ಚೆನ್ನಾಗಿ ಮಾಡಿದಳೋ ಇಲ್ಲವೋ?

ನಾಟಕ ದೊಡ್ಡದಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಿಂದ ಗುತ್ತಿ-ತಿಮ್ಮಿಯರ ಭಾಗವನ್ನಷ್ಟೇ ಎತ್ತಿಕೊಂಡು ನಮ್ಮ ಊರಿನದೇ ಒಂದು ಹುಡುಗರ ತಂಡ ಕಟ್ಟಿದ ಹಾಡಿನ ನಾಟಕ. ಮಾತಿಗಿಂತ ಹಾಡೇ ಜಾಸ್ತಿ. ತಂಡದ ಹೆಸರು ಬೇಡ, ಹುಡುಗಿಯ ಹೆಸರೂ ಬೇಡ. ಟಿ. ನರಸೀಪುರದ ಕಡೆಯ ಕೂಲಿಯವರ ಮಗಳು. ಹಾಸ್ಟೆಲಿನಲ್ಲಿದ್ದು ಎಂ.ಎ. ಓದುತ್ತಿದ್ದಾಳೆ. ಅಷ್ಟು ಸಾಕು.

ರಸಿಕರ ತೀರ್ಪು ಹೀಗಿತ್ತು. ಕಂಠ ಒರಟು. ಮೇಲಿನ ಸ್ಥಾಯಿಗೆ ಹೋದಾಗ ಶ್ರುತಿ ಜಾರುತ್ತದೆ. ಮುಖದಲ್ಲಿ 'ಕಳೆ' ಇಲ್ಲ. ಮಲೆನಾಡಿನ ಮಾತು ಬಾಯಲ್ಲಿ ಹೊರಳುವುದಿಲ್ಲ, ನಡುನಡುವೆ 'ಕನ' ಅನ್ನುತ್ತಾಳೆ. ಈ ಕೊನೆಯ ಮಾತು ನಿಜ, ಒಪ್ಪುತ್ತೇವೆ. ತೀರ್ಥಹಳ್ಳಿ ಸೀಮೆಯ ತಿಮ್ಮಿ ಕಾವೇರಿ ಬಯಲಿನವಳ ಹಾಗೆ ಮಾತಾಡಿದರೆ ಅದು ತಪ್ಪೇ. ಶ್ರುತಿಯ ಮಾತೂ ಸುಳ್ಳಲ್ಲದಿರಬಹುದು, ನಮಗೆ ಅಷ್ಟು ಸಂಗೀತ ಬರುವುದಿಲ್ಲ. ಆದರೆ ಈ 'ಕಳೆ' ಅನ್ನುವುದು ಏನು ಸ್ವಾಮಿ? ಹೊಲದಲ್ಲಿ ಕಿತ್ತೆಸೆಯುವುದಕ್ಕೆ ನಾವು ಕಳೆ ಅನ್ನುತ್ತೇವೆ. ನಿಮ್ಮ ಬೀದಿಯಲ್ಲಿ ಅದು ಮುಖದ ಮೇಲೆ ಇರಬೇಕಾದ್ದು. ಹೊಲಗೇರಿಯ ತಿಮ್ಮಿಯ ಮುಖದಲ್ಲಿ ಅಗ್ರಹಾರದ ಕಳೆ ಹುಡುಕಿ, ಸಿಗಲಿಲ್ಲವೆಂದು ಅಭಿನಯಕ್ಕೆ ಅಂಕ ಕಳೆಯುವುದು ಯಾವ ಶಾಸ್ತ್ರ?

ಈ ಊರಿಗೆ ಇದು ಹೊಸದಲ್ಲ. 1880ರ ದಶಕದಲ್ಲಿ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಹುಟ್ಟಿತು. ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದು ಅಭಿನವ ಕಾಳಿದಾಸ ಅನ್ನಿಸಿಕೊಂಡರು. ಶಕುಂತಲೆಯ ಸೀರೆ ಉಟ್ಟವರು ಗಂಡಸರು. ಹೆಣ್ಣು ರಂಗದ ಮೇಲೆ ಬರಕೂಡದು, ಆದರೆ ಹೆಣ್ಣು ಹೇಗಿರಬೇಕೆಂದು ಗಂಡಸು ಹಾಡಿ ತೋರಿಸಬಹುದು! ಶಕುಂತಲೆಯೂ ಕಾಡಿನ ಹುಡುಗಿಯೇ. ಅವಳ ಕಾಲಿಗೂ ದರ್ಭೆ ಚುಚ್ಚುತ್ತದೆ. ಚುಚ್ಚಿತೆಂಬ ನೆಪದಲ್ಲಿ ನಿಂತು ರಾಜನ ಕಡೆ ತಿರುಗಿ ನೋಡುತ್ತಾಳೆ. ಅದು ಶೃಂಗಾರ. ಈ ಊರಿನ ಕಣ್ಣು ಕಾಡಿನ ಹೆಣ್ಣನ್ನು ನೋಡಲು ಕಲಿತದ್ದು ಅಲ್ಲಿಂದ. ತಿಮ್ಮಿಯ ಕಾಲಿಗೆ ಚುಚ್ಚುವುದು ನೆಪದ ಮುಳ್ಳಲ್ಲ. ಬೆಟ್ಟಳ್ಳಿಯ ಗೌಡ ತನಗೆ ಬೇಕಾದವನಿಗೆ ಅವಳನ್ನು ಕಟ್ಟಲು ಹೊರಟಾಗ ಕತ್ತಲಲ್ಲಿ ಗುತ್ತಿಯ ಹಿಂದೆ ಹೊರಟವಳು ಅವಳು. ಸಿಕ್ಕಿಬಿದ್ದರೆ ಚರ್ಮ ಸುಲಿಯುತ್ತಾರೆ.

ಹೆಣ್ಣು ರಂಗಕ್ಕೆ ಬಂದ ಮೇಲಾದರೂ ಏನಾಯಿತು? ಬೀಳಗಿಯ ಗೋಹರಬಾಯಿಯನ್ನು ನೆನೆಯಿರಿ. ಅಮೀರಬಾಯಿ ಕರ್ನಾಟಕಿಯ ಅಕ್ಕತಂಗಿಯರಲ್ಲಿ ಒಬ್ಬಳು. ಮರಾಠಿ ಸಂಗೀತ ನಾಟಕದಲ್ಲಿ ಬಾಲಗಂಧರ್ವರ ಜೊತೆ ಹಾಡಿದಳು. ಥೇಟ್ ಗಂಧರ್ವರದೇ ಕಂಠ ಎಂದು ತಲೆದೂಗಿದವರು ಒಂದು ಕಡೆ, ಗಂಧರ್ವರನ್ನು ಹಾಳು ಮಾಡಿದವಳು ಎಂದು ಕೊನೆಯವರೆಗೂ ಬಯ್ದವರು ಇನ್ನೊಂದು ಕಡೆ. ಗಂಡಸು ಹೆಣ್ಣಾಗಿ ಹಾಡಿದರೆ ಗಂಧರ್ವ. ಹೆಣ್ಣು, ಅದೂ ಮುಸಲ್ಮಾನರ ಹೆಣ್ಣು, ಅದೇ ಪಾತ್ರವನ್ನು ಅದೇ ಕಂಠದಲ್ಲಿ ಹಾಡಿದರೆ ಮನೆಹಾಳಿ. ಕಂಠದ ಬಗ್ಗೆ ಮಾತಾಡುತ್ತಿದ್ದೇವೆ ಎಂದು ಜನ ಅಂದುಕೊಂಡಿರುತ್ತಾರೆ. ಮಾತಾಡುತ್ತಿರುವುದು ಬೇರೆಯದರ ಬಗ್ಗೆ.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮವರಿಗೆಲ್ಲ ಖುಷಿಯಾಗುತ್ತದೆ. ನಿಲ್ಲಿಸುವುದಿಲ್ಲ. ಯಾಕೆಂದರೆ ಟೀ ಗಾಡಿಯ ನಮ್ಮ ಕಡೆಯಲ್ಲೂ ಒಂದು ಪಂಗಡ ಹುಡುಗಿಯ ಮೇಲೆ ಸಿಟ್ಟಾಗಿತ್ತು. ಸಂಘಟನೆಯ ಹಿರಿಯ ಗೆಳೆಯರೊಬ್ಬರು ಹೇಳಿದರು: "ನಮ್ಮ ಹೆಣ್ಮಗಳಿಗೆ ಮೊಣಕಾಲ ಮೇಲಕ್ಕೆ ಸೀರೆ ಕಟ್ಟಿಸಿ ಮೇಲ್ಜಾತಿಯವರ ಮುಂದೆ ಕುಣಿಸೋದು ಕ್ರಾಂತಿನಾ? ಇದಕ್ಕೂ ಬಸವಿ ಬಿಡೋದಕ್ಕೂ ಏನು ವ್ಯತ್ಯಾಸ?" ಈ ಮಾತಿನ ಹಿಂದಿನ ಗಾಯ ನಮಗೆ ಗೊತ್ತು. ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಊರಿಗೆಲ್ಲ ಬಿಟ್ಟ ನಾಡು ಇದು. ಅದನ್ನು ತಡೆಯಲು 1982ರಲ್ಲಿ ಕಾನೂನು ಮಾಡಬೇಕಾಯಿತು, ಮಾಡಿದ ಮೇಲೂ ನಿಲ್ಲಲಿಲ್ಲ. ಗೆಜ್ಜೆಯ ಸದ್ದು ಕೇಳಿದರೆ ನಮ್ಮ ಹಿರಿಯರ ಎದೆ ಝಲ್ಲೆನ್ನುವುದು ಸಹಜ. ಆದರೆ ಹುಡುಗಿ ಅಲ್ಲೇ ಇದ್ದಳು. ಬಣ್ಣ ಒರೆಸಿಕೊಂಡು ನಮ್ಮ ಹಿಂದೆಯೇ ಬಂದು ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ, ಅವಳೇ ಹೇಳಿದಳು.

"ಅಣ್ಣ, ನಮ್ಮವ್ವ ನಾಟಿ ಹಾಕುವಾಗ ಸೀರೇನ ಇನ್ನೂ ಮೇಲಕ್ಕೆ ಎತ್ತಿಕಟ್ತಾಳೆ. ಗದ್ದೆ ಬದೀಲಿ ಗೌಡರು ಕೊಡೆ ಹಿಡ್ಕಂಡು ನಿಂತಿರ್ತಾರೆ. ಅದಕ್ಕೆ ನೀವು ಯಾವತ್ತಾದ್ರೂ ಸಭೆ ಮಾಡಿದೀರಾ?"

ಹಿರಿಯ ಗೆಳೆಯರು ಟೀ ಲೋಟ ಕೆಳಗಿಟ್ಟರು. ಉತ್ತರ ಕೊಡಲಿಲ್ಲ. ನಾವೂ ಕೊಡಲಿಲ್ಲ.

ನಮ್ಮ ಮಾನವನ್ನು ನಮ್ಮ ಹೆಣ್ಣುಮಕ್ಕಳ ಸೀರೆಯ ಅಂಚಿಗೆ ಗಂಟು ಹಾಕುವುದು ಮೇಲ್ಜಾತಿಯವರಿಂದ ನಾವು ಕಲಿತ ಪಾಠ ಗೆಳೆಯರೇ. ಅವರ ಮನೆಯ ಹಳೆಯ ಬಟ್ಟೆಯನ್ನು ಬೇಡವೆಂದ ನಾವು ಈ ಹಳೆಯ ಬಟ್ಟೆಯನ್ನು ಮಾತ್ರ ತೊಟ್ಟುಕೊಂಡಿದ್ದೇವೆ.

ಈಗ ನಮ್ಮವ್ವನ ವಿಷಯ. ಅವತ್ತು ಆಸ್ಪತ್ರೆ ಕೆಲಸಕ್ಕೆಂದು ನಂಜನಗೂಡಿನ ಕಡೆಯ ನಮ್ಮ ಊರಿಂದ ಬಂದಿದ್ದ ಅವ್ವನನ್ನು ನಾಟಕಕ್ಕೂ ಕರೆದುಕೊಂಡು ಹೋಗಿದ್ದೆವು. ದುಡ್ಡು ಕೊಟ್ಟು ನಾಟಕ ನೋಡಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಜಗಳವೆಲ್ಲ ಮುಗಿದು ರೂಮಿಗೆ ಬಂದು, ಆ ಹುಡುಗಿಯೂ ನಮ್ಮ ಜೊತೆ ಮುದ್ದೆ ಉಣ್ಣಲು ಕೂತಾಗ, ಅವ್ವ ಅವಳ ಮುಖಕ್ಕೇ ಹೇಳಿದಳು:

"ಹಾಡು ಚೆಂದಾಗದ ಕನವ್ವ. ಆದ್ರ ಬರಿಗಾಲಲ್ಲಿ ಕಾಡ್ನಲ್ಲಿ ಓಡೋಳು ನೆಲ ನೋಡ್ಕಂಡು ಓಡ್ತಾಳ. ನೀನು ಜನ ನೋಡ್ಕಂಡು ಓಡ್ದ."

ಆ ರಾತ್ರಿ ನಾವು ಕೇಳಿದ ಮಾತುಗಳಲ್ಲೆಲ್ಲ ವಿಮರ್ಶೆ ಅಂತ ಇದ್ದದ್ದು ಇದೊಂದೇ. ಶ್ರುತಿ ಅಲ್ಲ, ಕಳೆ ಅಲ್ಲ, ಮಾನ ಅಲ್ಲ. ಕಾಲು. ಹುಡುಗಿ ತುತ್ತು ಹಿಡಿದುಕೊಂಡೇ ನಕ್ಕುಬಿಟ್ಟಳು. "ಮುಖ ಬೆಳಕಿಗೆ ಕೊಡು, ಮುಖ ಬೆಳಕಿಗೆ ಕೊಡು ಅಂತ ಒಂದು ತಿಂಗಳು ಹೇಳಿಕೊಟ್ರು ಅವ್ವಾ," ಅಂದಳು. ಅವ್ವನಿಗೆ ಬೆಳಕಿನ ವಿಷಯ ಅರ್ಥವಾಗಲಿಲ್ಲ. "ರಾತ್ರಿ ಹೊತ್ನಲ್ಲಿ ಓಡೋಗೋಳ್ಗ ಅದ್ಯಾಕ ಬೆಳಕು?" ಅಂದಳು.

1973ರಲ್ಲಿ ಇದೇ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ ನಾಡೇ ಹೊತ್ತಿ ಉರಿಯಿತು, ಮಂತ್ರಿ ಪದವಿ ಹೋಯಿತು. ಅವರು ಮಂತ್ರಿ, ಹಾಗಾಗಿ ಕೇಳಿಸಿತು. ನಮ್ಮವ್ವನ ಮಾತು ಕೇಳಿಸುವುದಕ್ಕೆ ಏನಾಗಬೇಕು?

2010ರಲ್ಲಿ ಮೈಸೂರಿನ ರಂಗಾಯಣ ಇಡೀ ಕಾದಂಬರಿಯನ್ನು ಒಂಬತ್ತು ಗಂಟೆಯ ನಾಟಕ ಮಾಡಿತು. ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪ, ಹಂಸಲೇಖರ ಸಂಗೀತ, ಸಿ. ಬಸವಲಿಂಗಯ್ಯನವರ ನಿರ್ದೇಶನ. ಜನ ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಎದ್ದು ನಡೆಯುತ್ತಾ ರಾತ್ರಿಯೆಲ್ಲ ನೋಡಿದರು. ಆಗ ನಾವು ಹೈಸ್ಕೂಲಿನ ಹಾಸ್ಟೆಲ್ ಹುಡುಗರು. ಮೇಷ್ಟ್ರ ಹಿಂದೆ ಹೋಗಿ ಅರ್ಧ ನಾಟಕ ನಿದ್ದೆ ಹೊಡೆದೆವು. ಆದರೂ 1967ರಲ್ಲಿ ಅಚ್ಚಾದ ಆ ದಪ್ಪ ಪುಸ್ತಕದಲ್ಲಿ ನಮ್ಮವರೂ ಇದ್ದಾರೆ, ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಅಲ್ಲಿ ನಡೆದಾಡುತ್ತಾನೆ ಎಂದು ನಮಗೆ ಗೊತ್ತಾದದ್ದು ಆ ರಾತ್ರಿಯೇ. ಆ ನಾಟಕದ ಋಣ ನಮ್ಮ ಮೇಲಿದೆ. ಅದನ್ನು ಮರೆತು ಈ ಮಾತು ಆಡುತ್ತಿಲ್ಲ.

ತಿಮ್ಮಿಯ ಪಾತ್ರವನ್ನು ಕೇರಿಯವಳೇ ಮಾಡಬೇಕೆಂದೂ ನಾವು ಹೇಳುತ್ತಿಲ್ಲ. ದೇವನೂರ ಮಹಾದೇವರ 'ಒಡಲಾಳ'ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವನಾಗಿ ನಿಂತವರು ಉಮಾಶ್ರೀ. ಅವರು ಹೊಲಗೇರಿಯಲ್ಲಿ ಹುಟ್ಟಿದವರಲ್ಲ. ಆದರೂ ಕಳೆದುಹೋದ ಹುಂಜಕ್ಕಾಗಿ ಬಾಯಿ ಬಡಿದುಕೊಳ್ಳುವ ಆ ಮುದುಕಿಯನ್ನು ನೋಡಿದ ನಮ್ಮ ಹಿರಿಯರು ಇವತ್ತಿಗೂ ಸಾಕವ್ವ ಅಂದರೆ ಉಮಾಶ್ರೀಯ ಮುಖವನ್ನೇ ಕಾಣುತ್ತಾರೆ. ಅದೇ ಉಮಾಶ್ರೀಗೆ ಸಿನಿಮಾದವರು ವರ್ಷಗಟ್ಟಲೆ ಕೊಟ್ಟದ್ದು ದ್ವಂದ್ವಾರ್ಥದ ಹಾಸ್ಯ. ಸೀಟಿ ಹೊಡೆದವರೂ ನಾವೇ, 'ಗುಲಾಬಿ ಟಾಕೀಸ್'ಗೆ ರಾಷ್ಟ್ರ ಪ್ರಶಸ್ತಿ ಬಂದಾಗ ಬೀಗಿದವರೂ ನಾವೇ. ಹುಟ್ಟಿನಿಂದ ನಟನೆ ಬರುವುದಿಲ್ಲ, ನೋಡಿ ಕಲಿಯುವುದರಿಂದ ಬರುತ್ತದೆ. ನಮ್ಮ ಕೇಳಿಕೆ ಬೇರೆ. ಕೇರಿಯ ಹುಡುಗಿಗೆ ತಿಮ್ಮಿಯ ಪಾತ್ರ ಕೊಟ್ಟಿರಿ, ಸಂತೋಷ. ಮದುವೆ ಮನೆಯಿಂದ ತಪ್ಪಿಸಿಕೊಂಡು ಮುಕುಂದಯ್ಯನಲ್ಲಿಗೆ ಹೋಗುವ ಗೌಡರ ಮಗಳು ಚಿನ್ನಮ್ಮನ ಪಾತ್ರವನ್ನು ಯಾವಾಗ ಕೊಡುತ್ತೀರಿ? ಅವಳ ಕಪ್ಪು ಬಣ್ಣ ಆಗ ಮಾತ್ರ ಅಡ್ಡ ಬರುತ್ತದೋ?

ಎರಡನೇ ಪ್ರದರ್ಶನದಲ್ಲಿ ಹುಡುಗಿ ನೆಲ ನೋಡಿಕೊಂಡು ಓಡಿದಳು. ಕಾಡಿನ ಹಾಡನ್ನು ಬಗ್ಗಿದ ತಲೆಯಲ್ಲೇ ಹಾಡಿದಳು. ಹೆಜ್ಜೆ ಹೆಜ್ಜೆಗೂ ಕಾಲು ತಡಕಾಡುತ್ತಿತ್ತು, ದನಿ ಏದುಸಿರಿಗೆ ಒಡೆಯುತ್ತಿತ್ತು. ನಾವು ಉಸಿರು ಬಿಗಿಹಿಡಿದು ಕೂತಿದ್ದೆವು. ಹೊರಗೆ ಬಂದರೆ ಸ್ಕೂಟರಿನ ರಸಿಕರು ಆಗಲೇ ತೀರ್ಪು ಬರೆದಿದ್ದರು: ಈ ಸಲ ಮುಖವೇ ಕಾಣಲಿಲ್ಲ, ಭಾವ ಎಲ್ಲಿಂದ ಬರಬೇಕು? ಹಿರಿಯ ಗೆಳೆಯರು ಮಾತ್ರ ಏನೂ ಹೇಳದೆ ಅವಳಿಗೊಂದು ಟೀ ಕೊಡಿಸಿದರು.

ಮೂರನೇ ಪ್ರದರ್ಶನ ಮುಂದಿನ ತಿಂಗಳು. ಊರಿಂದ ಅವ್ವನ ಜೊತೆ ಏಳು ಜನ ಹೆಂಗಸರು ಬರುತ್ತಾರಂತೆ. ಟಿಕೆಟ್ಟು ತಲೆಗೆ ನೂರು ರೂಪಾಯಿ, ಬಸ್ಸು ಈಗ ಹೆಂಗಸರಿಗೆ ಪುಕ್ಕಟೆ. ಹಿಂದಿನ ಸಾಲಿಗೆ ಅರ್ಧ ದುಡ್ಡು ಅಂತ ತಂಡದವರು ಹೇಳಿದ್ದಾರೆ. ಅವ್ವ ಬೇಡ ಅಂದಿದ್ದಾಳೆ. ಹಿಂದೆ ಕೂತರೆ ಕಾಲು ಕಾಣೋದಿಲ್ಲವಂತೆ.