ಬಾಡಿಗೆಯ ಆಸೆಗೆ ಕಟ್ಟಡ ಕೊಳ್ಳುವ ಮುನ್ನ

ಅಡಿಕೆಯ ದುಡ್ಡನ್ನು ಕಾಸರಗೋಡು, ಕುಂಬಳೆ ಪೇಟೆಗಳ ಕ್ವಾರ್ಟರ್ಸಿಗೋ ಅಂಗಡಿ ಕೋಣೆಗೋ ಹಾಕುವವರು ನಮ್ಮವರಲ್ಲಿಯೂ ಇದ್ದಾರೆ. ನೆರೆಯವರಿಗೆ ತಿಂಗಳು ತಿಂಗಳು ಬಾಡಿಗೆ ಬರುವುದನ್ನು ಕಂಡು ಹೊರಟವರೇ ಹೆಚ್ಚೆಂದು ನಾವು ಬಲ್ಲೆವು. ಆದರೆ ಆ ನೆರೆಯವರಲ್ಲಿ ಕೇಳಬೇಕಾದದ್ದು ಬಾಡಿಗೆ ಎಷ್ಟೆಂದಲ್ಲ; ವರ್ಷದಲ್ಲಿ ಕೋಣೆ ಎಷ್ಟು ತಿಂಗಳು ಖಾಲಿ ಬಿತ್ತು, ಮಳೆಗಾಲದ ಸೋರಿಕೆಗೆ ಎಷ್ಟು ಖರ್ಚಾಯಿತು ಎಂದು. ಕೊಂಡು ಮಾರಿದವರು ಸಿಕ್ಕಿದರೆ ಅವರನ್ನೇ ಮೊದಲು ಕೇಳುವುದು ಲೇಸು. ದಲ್ಲಾಳಿ ಹೇಳದ್ದನ್ನು ಅವರು ಹೇಳಿಯಾರು.

ಬಾಡಿಗೆದಾರರಿರುವ ಅಂಗಡಿಯಾದರೆ ಇನ್ನೂ ಜಾಗ್ರತೆ ಬೇಕು. 1965ರ ಕೇರಳ ಬಾಡಿಗೆ ನಿಯಂತ್ರಣ ಕಾಯಿದೆ ಅನ್ವಯಿಸುವಲ್ಲಿ, ಸ್ವಂತ ಅಗತ್ಯಕ್ಕೆಂದು ತೆರವು ಕೇಳಲು ಕೊಂಡವರು ಕ್ರಯಪತ್ರದ ದಿನದಿಂದ ಒಂದು ವರ್ಷ ಕಾಯಬೇಕು. ಆ ವ್ಯಾಪಾರವೇ ಬಾಡಿಗೆದಾರನ ಮುಖ್ಯ ಜೀವನಾಧಾರವಾಗಿ, ಆ ಪರಿಸರದಲ್ಲಿ ಬೇರೆ ಸೂಕ್ತ ಕೋಣೆ ಇಲ್ಲವೆಂದಾದರೆ ಅನಂತರವೂ ಸಿಗಲಾರದು. ಇಂಥ ಮೊಕದ್ದಮೆ ನಡೆಸಿದವರ ಅನುಭವ ಕೇಳದೆ ಮುಂಗಡ ಕೊಡಬಾರದೆಂದೇ ನಮ್ಮ ಅಭಿಪ್ರಾಯ.

ಇನ್ನು ಆಧಾರ. ಮಲಯಾಳದಲ್ಲಿರುವುದನ್ನು ಓದಲಾಗದೆ ಸಹಿ ಹಾಕಿ, ಬಳಿಕ ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಮಾತೆತ್ತಿದರೆ ಹಣ ಮರಳದು. ಮಲಯಾಳ ಬಲ್ಲ, ತಾನೂ ಒಮ್ಮೆ ಕೊಂಡು ಅನುಭವವುಳ್ಳ ನಂಟರನ್ನು ಕೂರಿಸಿಕೊಂಡು, ಋಣಭಾರ ಪತ್ರ ಸಹಿತ ಸಾಲು ಸಾಲಾಗಿ ಓದಿಸಿಕೊಳ್ಳಿರಿ.